ಒಂದು ಕೊಂಬು, ಒಂದು ವು

ನಾನು ಏಣಿಯ ಕೆಳಗೆ ನಿಂತಿದ್ದೆ. ಕುರುಬರಹಳ್ಳಿಯಿಂದ ಬಸವೇಶ್ವರನಗರದ ಕಡೆಗೆ ಇಳಿಯುವ ಅಡ್ಡರಸ್ತೆಯೊಂದರಲ್ಲಿ, ಹಸಿರು ಗೇಟಿನ ಎರಡಂತಸ್ತಿನ ಮನೆಯ ಮುಂದೆ. ಎರಡು ವರ್ಷದ ಹಿಂದಿನ ಮಾತು. ಧನುರ್ಮಾಸ ಹಿಡಿಯಲು ಕೆಲವೇ ದಿನ ಉಳಿದಿದ್ದವು. ಸ್ಕೂಲ್ ವ್ಯಾನುಗಳು ಹೋಗಿ ರಸ್ತೆ ಖಾಲಿಯಾಗಿತ್ತು. ಬಿಸಿಲು ಎದುರು ಮನೆಯ ನೀರಿನ ಟ್ಯಾಂಕನ್ನು ದಾಟಿ, ನಾವು ಬರೆಯುತ್ತಿದ್ದ ಗೋಡೆಯ ಅರ್ಧದವರೆಗೆ ಬಂದಿತ್ತು. ನನ್ನ ಎರಡೂ ಕೈ ಏಣಿಯ ಮೇಲಿದ್ದವು.

ಕೈ ಎಲ್ಲಿತ್ತು ಅನ್ನುವುದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಗೋಡೆ ಬರೆಯುವ ನಮ್ಮ ಕೆಲಸದಲ್ಲಿ ಏಣಿಯ ಮೇಲಿರುವವನಿಗೆ ಸಾಲು ಕಾಣುವುದಿಲ್ಲ. ಅವನ ಮೂಗಿನೆದುರು ಒಂದು ಅಕ್ಷರ ಇರುತ್ತದೆ, ಅಷ್ಟೆ. ಕೆಳಗಿರುವವನು ಆಗಾಗ ರಸ್ತೆ ದಾಟಿ ಆಚೆ ಬದಿಗೆ ಹೋಗಿ ಓದಬೇಕು; ಸಾಲು ಇಳಿದಿದೆಯೇ, ಒತ್ತು ಬಿಟ್ಟುಹೋಗಿದೆಯೇ ನೋಡಿ ಕೂಗಿ ಹೇಳಬೇಕು. ಆವತ್ತು ನಾನು ದಾಟುವ ಹಾಗಿರಲಿಲ್ಲ. ಅವನ ಕಾಲು ನಡುಗುತ್ತಿತ್ತು. ಆ ನಡುಕ ಏಣಿಯ ಬಿದಿರಿನಲ್ಲಿ ಇಳಿದು ನನ್ನ ಅಂಗೈಗೆ ಬರುತ್ತಿತ್ತು.

ಅವನು ಗದಗದ ಕಡೆಯವನು. ಬೆಂಗಳೂರಿಗೆ ಬಂದಾಗ ಊಟದ ಡೆಲಿವರಿ ಮಾಡುತ್ತಿದ್ದ. ಒಂದು ದಿನ ವಿಜಯನಗರದಲ್ಲಿ ನಾನು ಬೀಗದ ಅಂಗಡಿಯೊಂದರ ಶಟರ್ ಬರೆಯುತ್ತಿದ್ದಾಗ ಬೈಕ್ ನಿಲ್ಲಿಸಿ ನೋಡುತ್ತಾ ಕೂತ. ಆಮೇಲೆ, "ಅಣ್ಣಾರ, ತಪ್ಪು ತಿಳಿಬ್ಯಾಡ್ರಿ, ಆ ಬೀಗದ ಗುಡಿಸು ತಲಿ ಮ್ಯಾಲೆ ಟೊಪಗಿ ಇಟ್ಟಂಗ ಆಗೇತಿ" ಅಂದ.

"ನೀನ್ ಬರೀತೀಯೇನಪ್ಪ?"

"ಊರಾಗ ಲಾರಿ ಹಿಂದ, ಟ್ರ್ಯಾಕ್ಟರ್ ಮ್ಯಾಲೆ ಬರೀತಿದ್ದೆ."

ಬ್ರಷ್ ಕೊಟ್ಟೆ. ಬೆನ್ನಿನ ಚೀಲವನ್ನೂ ಇಳಿಸದೆ, ಯಾರದೋ ಊಟ ಆರುತ್ತಿದ್ದ ಹಾಗೆಯೇ, ಅವನು ಆ ಗುಡಿಸನ್ನು ಒರೆಸಿ ಮತ್ತೆ ಬರೆದ. ಆ ಶಟರ್ ಈಗಲೂ ಇದೆ.

ಫ್ಲೆಕ್ಸ್ ಬಂದು ನಮ್ಮ ಕೆಲಸವನ್ನು ತಿಂದಿತ್ತು. ಊರಲ್ಲಿ ಫ್ಲೆಕ್ಸ್ ಬ್ಯಾನರುಗಳನ್ನು ನಿಷೇಧಿಸಿದ ಮೇಲೆ ಒಂದಿಷ್ಟು ಗೋಡೆಗಳೂ ಬಹಳಷ್ಟು ಶಟರುಗಳೂ ವಾಪಸು ಬಂದವು. ಹಾಗೆ ನಾವು ಜೊತೆಯಾದೆವು. ನಾನು ಅಳತೆ ಮಾಡಿ, ಬಣ್ಣ ಕಲಸಿ, ಅಂಚು ತುಂಬುತ್ತಿದ್ದೆ. ಅಕ್ಷರ ಅವನದು. ಉಳಿದವರೆಲ್ಲ ಸೀಮೆಸುಣ್ಣದಲ್ಲಿ ಅಕ್ಷರದ ಗುರುತು ಹಾಕಿಕೊಂಡು ಆಮೇಲೆ ಬಣ್ಣ ಹಚ್ಚುತ್ತೇವೆ. ಅವನು ಸೀಮೆಸುಣ್ಣ ಸವರಿದ ಎರಡು ದಾರ ಗೋಡೆಗೆ ಹೊಡೆದು ಸಾಲು ಮಾಡಿಕೊಳ್ಳುತ್ತಿದ್ದ, ಅಷ್ಟೆ. ಮಾತು ಎಲ್ಲಿ ಮುಗಿಯಬೇಕೆಂದು ಅವನ ಕೈಗೆ ಗೊತ್ತಿತ್ತು. ಕೊಂಬು ಬರೆಯುವಾಗ ಬ್ರಷ್ಷನ್ನು ಬಲಕ್ಕೆ ಎಳೆದು, ಕೊನೆಯಲ್ಲಿ ಎರಡು ಬೆರಳ ನಡುವೆ ತಿರುಗಿಸಿ ಎತ್ತಿಬಿಡುತ್ತಿದ್ದ. ತುದಿ ಹುಣಸೆಬೀಜದಷ್ಟು ದಪ್ಪವಾಗಿ ನಿಲ್ಲುತ್ತಿತ್ತು. ನಾನು ಎಷ್ಟೋ ಸಲ ಪ್ರಯತ್ನಪಟ್ಟೆ. ನನಗೆ ಬರಲಿಲ್ಲ.

ನನ್ನ ಮಾತನ್ನು ಅವನು ತಮಾಷೆ ಮಾಡುತ್ತಿದ್ದ. "ನಿಮ್ ಬೆಂಗ್ಳೂರಾಗ ಮಾತಿಗೊಮ್ಮೆ ಬಿಡು ಅಂತೀರಲ್ಲಣ್ಣ. ಹೋಗ್ಲಿ ಬಿಡು, ಇರ್ಲಿ ಬಿಡು, ಸಾಕ್ ಬಿಡು. ಎಲ್ಲಾನೂ ಬಿಟ್ಟು ಕೊನಿಗೆ ಏನ್ ಹಿಡ್ಕೊಂತೀರಿ?"

"ಏಣಿ ಹಿಡ್ಕೋತೀನಿ. ನೀನ್ ಹತ್ತು ಸುಮ್ನೆ."

ಅವನು ಬಿದ್ದದ್ದು ಏಣಿಯಿಂದ ಅಲ್ಲ, ಸಾರುವೆಯಿಂದ. ನಾಯಂಡಹಳ್ಳಿಯ ಗೋಡೌನಿನ ಪಕ್ಕದ ಗೋಡೆಗೆ ಬಣ್ಣದ ಕಂಪನಿಯೊಂದರ ಹೆಸರು ಬರೆಯುತ್ತಿದ್ದಾಗ ಕಾಲಡಿಯ ಹಲಗೆ ಜಾರಿತು. ಮೂಳೆ ಮುರಿಯಲಿಲ್ಲ, ಬೆನ್ನು ಹಿಡಿಯಿತು. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಪಕ್ಕದ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೊಟ್ಟರು. ಅದನ್ನು ತೆಗೆದುಕೊಂಡ ದಿನವೇ ಅವನು ಏಣಿ ಹತ್ತಿದ. ನಾವಿಬ್ಬರೂ ಖುಷಿಪಟ್ಟೆವು. ಬೆನ್ನು ವಾಸಿಯಾದ ಮೇಲೂ ಮಾತ್ರೆ ನಿಲ್ಲಲಿಲ್ಲ ಅನ್ನುವುದು ನನಗೆ ತಿಳಿಯುವಷ್ಟರಲ್ಲಿ ಆ ಮೆಡಿಕಲ್ ಶಾಪಿನವರು ಕೊಡುವುದನ್ನು ನಿಲ್ಲಿಸಿದ್ದರು. ಚೀಟಿಯಿಲ್ಲದೆ ಕೊಡುವವರನ್ನು ಅವನು ಬೇರೆ ಕಡೆ ಹುಡುಕಿಕೊಂಡಿದ್ದ. ಸಿಗದ ದಿನ ಅವನು ಆಕಳಿಸುತ್ತಲೇ ಇರುತ್ತಿದ್ದ, ಮೂಗು ಸೋರುತ್ತಿತ್ತು, ಬಿಸಿಲಲ್ಲೂ ತೋಳಿನ ಕೂದಲು ನಿಂತಿರುತ್ತಿದ್ದವು. ಕೈ ಬ್ರಷ್ ಹಿಡಿಯುತ್ತಿರಲಿಲ್ಲ.

"ಬಿಟ್ಬಿಡೋ" ಅಂದೆ ಒಂದು ದಿನ, ಹೊಸಹಳ್ಳಿ ಮೆಟ್ರೋ ಕಂಬದ ಕೆಳಗೆ ಟೀ ಕುಡಿಯುತ್ತಾ.

ಅವನು ನಕ್ಕ. "ನೋಡ್ರಿ, ಮತ್ತ ಬಿಡು ಅಂದ್ರಿ."

ಆಮೇಲೆ ಲೋಟ ಕೆಳಗಿಟ್ಟು, "ಅಣ್ಣ, ಬೇಕಂತ ತಗೊಳ್ಳೂದಲ್ರಿ ಈಗ. ತಗೊಳ್ಳಿಲ್ಲಂದ್ರ ಮೈ ನಂದಲ್ಲ ಅನಸ್ತೈತಿ. ಎಲ್ಲ್ಯರ ಔಷಧ ಇದ್ರ ಕರ್ಕೊಂಡ್ ಹೋಗ್ರಿ" ಅಂದ.

ಔಷಧ ಇತ್ತು. ಅದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಚಟಕ್ಕೆ ಔಷಧವೇ ಇಲ್ಲ, ಮನಸ್ಸು ಗಟ್ಟಿ ಮಾಡಬೇಕು ಅಂದವರು ನನಗೆ ಬಹಳ ಜನ ಸಿಕ್ಕಿದ್ದಾರೆ. ಊರಿನ ಇನ್ನೊಂದು ದಿಕ್ಕಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಒಂದು ಮಾತ್ರೆ ಕೊಡುತ್ತಿದ್ದರು. ಡಾಕ್ಟರಮ್ಮ ಅವನಿಗೆ ಬೈಯಲಿಲ್ಲ. ಬೆನ್ನು ಈಗ ಹೇಗಿದೆ ಅಂತ ಮೊದಲು ಕೇಳಿದರು. ಮಾತ್ರೆ ನಾಲಿಗೆಯ ಕೆಳಗೆ ಕರಗುವವರೆಗೂ ಅಲ್ಲೇ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಸದಾ ವಟಗುಟ್ಟುವ ಅವನು ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿ ಕಣ್ಣಲ್ಲೇ ನಗುತ್ತಿದ್ದ.

ಕೆಲವು ದಿನಗಳಲ್ಲಿ ಅವನು ಅವನಾದ. ಊಟ ಮಾಡಿದ. ವಿಜಯನಗರದ ಖಾನಾವಳಿಯಲ್ಲಿ ರೊಟ್ಟಿ ಮೇಲೆ ರೊಟ್ಟಿ ಹಾಕಿಸಿಕೊಂಡು, "ನಿಮ್ ಮುದ್ದಿ ನುಂಗೂದು, ನಮ್ ರೊಟ್ಟಿ ಅಗಿಯೂದು. ಅದಕ್ಕ ನಮಗ ಮಾತು ಜಾಸ್ತಿ" ಅಂದ. ಆ ತಿಂಗಳುಗಳಲ್ಲಿ ಅವನು ಬರೆದ ಅಕ್ಷರಗಳು ಎಲ್ಲೆಲ್ಲಿವೆ ಅಂತ ನನಗೆ ಗೊತ್ತು. ರಾಜಾಜಿನಗರದಲ್ಲೊಂದು ಹಿಟ್ಟಿನ ಗಿರಣಿ. ಕೆಂಗೇರಿಯ ದಾರಿಯಲ್ಲೊಂದು ಶಾಲೆಯ ಗೋಡೆ. ಬೆಳಿಗ್ಗೆ ಬೇಗ ಎಚ್ಚರವಾದರೆ ನಾನು ಈಗಲೂ ಗಿರಣಿಯವರೆಗೆ ನಡೆದು ಹೋಗುತ್ತೇನೆ. ಶಟರ್ ಎತ್ತುವ ಮೊದಲು ಹೋಗಬೇಕು. ಎತ್ತಿದರೆ ಅಕ್ಷರಗಳೆಲ್ಲ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತವೆ.

ತೊಂದರೆ ಬಂದದ್ದೂ ಅಲ್ಲಿಂದಲೇ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಶಟರ್. ಅಂಗಡಿ ಮುಚ್ಚಿದ್ದಾಗ ಮಾತ್ರ ಶಟರ್ ಬರೆಯಬಹುದು; ಎತ್ತುವುದರೊಳಗೆ ಬಣ್ಣ ಒಣಗಬೇಕು. ಅದಕ್ಕೆ ಬೆಳಕು ಹರಿಯುತ್ತಿದ್ದ ಹಾಗೆ ಶುರು ಮಾಡುತ್ತೇವೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿ ತೆರೆಯುವುದು ನಾವು ನಡುಸಾಲಿನಲ್ಲಿರುವ ಹೊತ್ತಿಗೆ. ನಾವು ಬ್ರಷ್ ತೊಳೆದು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಅದು ಮುಚ್ಚಿರುತ್ತದೆ.

ಕಿಟಕಿಯಲ್ಲಿದ್ದ ಸಿಸ್ಟರನ್ನು ನಾನೇ ಕೇಳಿದೆ. "ಮೇಡಂ, ಒಂದ್ ವಾರದ್ದು ಒಟ್ಟಿಗೆ ಕೊಡೋಕಾಗುತ್ತಾ?"

"ಮನೆಯವ್ರು ಯಾರಾದ್ರೂ ಬಂದು ಜವಾಬ್ದಾರಿ ತಗೊಂಡ್ರೆ ಡಾಕ್ಟರ್ ಯೋಚ್ನೆ ಮಾಡ್ತಾರೆ. ನೀವ್ ಏನಾಗ್ಬೇಕು?"

"ಜೊತೇಲಿ ಕೆಲ್ಸ ಮಾಡೋರು."

"ರಕ್ತಸಂಬಂಧಿ ಬೇಕು ಸಾರ್."

"ಹಾಗಾದ್ರೆ ಸಂಜೆ ಏನಾದ್ರೂ ಕೊಡ್ತೀರಾ?"

"ಸಂಜೆ ಕಿಟಕಿ ಇಲ್ಲ." ಆಕೆ ದನಿ ತಗ್ಗಿಸಿದರು. "ನೀವೊಬ್ರೇ ಅಲ್ಲ ಸಾರ್ ಕೇಳ್ತಿರೋದು. ಗಾರೆ ಕೆಲ್ಸದವ್ರು, ಹೂವಿನ ಮಾರ್ಕೆಟ್‌ನವ್ರು, ಎಲ್ರೂ ಕೇಳ್ತಾರೆ."

ರಕ್ತಸಂಬಂಧಿಗಳು ಊರಲ್ಲಿದ್ದರು. ತಾಯಿ, ಅಕ್ಕ. ಅವರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಸೋಣ ಅಂದರೆ ಅವನು ಕೈ ಮುಗಿದ. "ಬ್ಯಾಡ್ರಿ. ಅವ್ವ ನನ್ನ ಅಕ್ಷರ ಮಂದಿಗೆ ತೋರಿಸ್ಕೊಂತ ಅಡ್ಡಾಡ್ತಾಳ ಅಲ್ಲಿ."

ನಾನು ಶಟರ್ ಬಿಟ್ಟು ಗೋಡೆಗಳನ್ನು ಹಿಡಿದೆ. ಗೋಡೆಯನ್ನು ಮಧ್ಯಾಹ್ನ ಬರೆಯಬಹುದು. ಆದರೆ ಗೋಡೆ ಎಷ್ಟು ಸಿಕ್ಕಾವು? 'ಇಲ್ಲಿ ಕಸ ಹಾಕಬಾರದು', 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರೆದು ಬರೆದು ಅವನಿಗೂ ಬೇಸರವಾಯಿತು. "ನನ್ನ ಸಲುವಾಗಿ ನೀವು ಶಟರ್ ಬಿಡಬ್ಯಾಡ್ರಣ್ಣ" ಅಂದ. ಮತ್ತೆ ಶಟರ್ ಹಿಡಿದೆವು. ಒಂದು ಬೆಳಿಗ್ಗೆ ಆಸ್ಪತ್ರೆ ತಪ್ಪಿತು. ಮತ್ತೊಂದು ತಪ್ಪಿತು. ಹಬ್ಬದ ಮುಂದೆ ಶಟರ್ ಕೆಲಸ ಒತ್ತಾಗಿ ಬಂದಾಗ ಪೂರಾ ತಪ್ಪಿತು. ದೀಪಾವಳಿ ಕಳೆಯುವಷ್ಟರಲ್ಲಿ ಅವನ ಜೇಬಿನಲ್ಲಿ ಹಳೆಯ ಮಾತ್ರೆಯ ಪಟ್ಟಿ ಕಂಡಿತು.

ಹಸಿರು ಗೇಟಿನ ಮನೆ ಸಿಕ್ಕಿದ್ದು ಆಗ. ಯಾರೋ ಹೊಸದಾಗಿ ಚಟ ಬಿಡಿಸುವ ಕೇಂದ್ರ ತೆರೆಯುತ್ತಿದ್ದರು, ಗೋಡೆ ಬರೆಸಬೇಕಿತ್ತು. ಮಾಲೀಕರು ನಡುವಯಸ್ಸಿನವರು, ಮೃದುವಾಗಿ ಮಾತಾಡುವವರು. ಅವನ ವಿಷಯ ಹೇಳಿದಾಗ ಅವರಾಗಿಯೇ ಅಂದರು: "ನಮ್ ಗೋಡೆ ನೀವ್ ಬರ್ಕೊಡಿ, ನಾನ್ ಒಂದ್ ಬೆಡ್ ಕೊಡ್ತೀನಿ. ಮೊದಲ್ನೇ ಬ್ಯಾಚಲ್ಲೇ. ಆದ್ರೆ ಒಂದು, ಎರಡ್ ದಿನ ಮುಂಚಿಂದಾನೇ ಏನೂ ತಗೊಂಡಿರ್ಬಾರ್ದು. ಖಾಲಿ ಮೈಯಲ್ಲಿ ಒಳಗೆ ಬರ್ಬೇಕು."

ಒಳಗೆ ಹೋಗಿ ನೋಡಿದೆವು. ಸಾಲಾಗಿ ಹಾಸಿಗೆಗಳಿದ್ದವು. ಬಾಗಿಲ ಚಿಲಕ ಹೊರಗಡೆಯಿಂದ ಇತ್ತು. ಔಷಧ ಕೊಡುತ್ತೀರಾ ಅಂದರೆ, "ಡಾಕ್ಟರ್ ವಾರಕ್ಕೊಂದ್ಸಲ ಬರ್ತಾರೆ, ಮಿಕ್ಕಿದ್ದೆಲ್ಲ ಪ್ರಾರ್ಥನೆ, ಶಿಸ್ತು" ಅಂದರು. ಹೊರಗೆ ಬಂದ ಮೇಲೆ ನಾನು ಅನುಮಾನಿಸಿದೆ. ಅವನು ಅನುಮಾನಿಸಲಿಲ್ಲ. "ಆ ಕಿಡಕಿ ಪಕ್ಕದ ಹಾಸಗಿ ನಂದು" ಅಂದ. ಅದು ಸರಿಯಾದ ಚಿಕಿತ್ಸೆ ಆಗಿರುತ್ತಿತ್ತೆಂದು ನಾನು ಇವತ್ತೂ ಹೇಳಲಾರೆ. ಆದರೆ ಬಾ ಅಂದದ್ದು ಅದೊಂದೇ ಬಾಗಿಲು. ಗೋಡೆ ಬರೆದ ಮಾರನೆಯ ದಿನ ಹೋಮ, ಧನುರ್ಮಾಸ ಬರುವುದರೊಳಗೆ ಪೂಜೆ ಮುಗಿಯಬೇಕು. ಹೋಮ ಮುಗಿದ ಮೇಲೆ ಅವನು ಆ ಹಾಸಿಗೆಗೆ ಹೋಗುವವನಿದ್ದ.

ಹಾಗಾಗಿ ಆ ಬೆಳಿಗ್ಗೆ ಅವನು ಮಾತ್ರೆ ತೆಗೆದುಕೊಂಡಿರಲಿಲ್ಲ. ಹಿಂದಿನ ಸಂಜೆಯೂ ಇಲ್ಲ.

ಬರೆಯಬೇಕಾದದ್ದು ಎರಡು ಸಾಲು. ಮೇಲೆ, 'ಕುಡಿತ, ಗಾಂಜಾ, ಮಾತ್ರೆ, ಯಾವುದೇ ಚಟವನ್ನು'. ಕೆಳಗೆ, 'ಶಾಶ್ವತವಾಗಿ ಬಿಡಿಸಲಾಗುವುದು'. ಗೋಡೆಯ ಬಲತುದಿಯಲ್ಲಿ ಮಳೆನೀರಿನ ಪೈಪು ಇಳಿದಿತ್ತು. ಅಲ್ಲಿಗೆ ಸಾಲು ಮುಗಿಯಬೇಕು. ಎದುರು ಮನೆಯ ಮೆಟ್ಟಿಲ ಮೇಲೆ ಒಬ್ಬ ಆಂಟಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಕೂತಿದ್ದರು. ಸೊಗಡು ರಸ್ತೆಗೆಲ್ಲ ಬರುತ್ತಿತ್ತು.

ಮೇಲಿನ ಸಾಲು ಮುಗಿಸಿ ಅವನು ಏಣಿಯ ಮೇಲಿಂದಲೇ ತಿರುಗಿದ. ಮುಖದಲ್ಲಿ ಬೆವರಿಳಿಯುತ್ತಿತ್ತು, ಆದರೂ ನಗೆ ಬಿಟ್ಟಿರಲಿಲ್ಲ. "ಆಂಟಿ, ನೀವೂ ಬಿಡಸಾಕತ್ತೀರಿ, ನಾನೂ ಬಿಡಸಾಕತ್ತೀನಿ. ಯಾರದು ಮೊದ್ಲು ಮುಗೀತೈತಿ ನೋಡೂಣು."

"ನಂದು ಸಿಪ್ಪೆ ಒತ್ತಿದ್ರೆ ಈಚೆಗ್ ಬರುತ್ತೆ ಕಣಪ್ಪ" ಅಂದರು ಆಂಟಿ. "ಅದ್ಯಾಕೆ ಹಂಗ್ ನಡುಗ್ತಿದೀಯಾ? ಕಾಫಿ ಕೊಡ್ಲಾ?"

"ಬರದ್ ಮುಗಸ್ತೀನ್ರಿ, ಆಮ್ಯಾಲೆ."

ಕೆಳಗಿನ ಸಾಲಿಗೆ ಏಣಿಯನ್ನು ಸರಿಸುತ್ತಾ ಹೋದೆ. ಅಕ್ಷರಗಳು ಎಂದಿಗಿಂತ ದೊಡ್ಡದಾಗಿ ಬರುತ್ತಿದ್ದವು ಅನ್ನುವುದು ನನಗೆ ಕೆಳಗಿನಿಂದಲೂ ಗೊತ್ತಾಗುತ್ತಿತ್ತು. ಬೆರಳು ನಿಲ್ಲದಿದ್ದಾಗ ಇಡೀ ತೋಳಿನಿಂದ ಬರೆಯಬೇಕಾಗುತ್ತದೆ. ತೋಳಿನಿಂದ ಬರೆದರೆ ಅಕ್ಷರ ಹಿಗ್ಗುತ್ತದೆ. ಅವನು ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ. "ಇಳಿಯೋ, ನಾನ್ ಬರೀತೀನಿ" ಅಂದೆ. "ಇದೊಂದು ನಾನ ಬರೀಬೇಕಣ್ಣ" ಅಂದ. ಪೈಪು ಹತ್ತಿರ ಬಂತು. ಕೊನೆಯ ಅಕ್ಷರದ ಕೊಂಬನ್ನು ಎಳೆದು, ಬೆರಳ ನಡುವೆ ಬ್ರಷ್ ತಿರುಗಿಸಿ ಎತ್ತಿದ. ಅಷ್ಟು ನಡುಕದಲ್ಲೂ ತುದಿ ಹುಣಸೆಬೀಜದ ಹಾಗೆ ನಿಂತಿತು. ಅದನ್ನು ನಾನು ನೋಡಿದೆ.

ಆಗಲೇ ಆಂಟಿ ಗಟ್ಟಿಯಾಗಿ ಓದಿದರು. "ಯಾವುದೇ ಚಟವನ್ನು ಶಾಶ್ವತವಾಗಿ ಬಿಡಿಸಲಾಗದು." ಓದಿ ನಕ್ಕುಬಿಟ್ಟರು. "ಅಯ್ಯೋ, ಏನ್ರಪ್ಪಾ ಇದು! ಬಿಡಿಸೋಕಾಗಲ್ಲ ಅಂತ ನೀವೇ ಬೋರ್ಡ್ ಹಾಕ್ಕೊಂಡ್ರೆ ಇಲ್ಲಿಗ್ ಯಾರ್ ಬರ್ತಾರೆ?"

ಅದೇ ಹೊತ್ತಿಗೆ ಮಾಲೀಕರು ಗೇಟು ತೆರೆದು ಹೊರಗೆ ಬಂದಿದ್ದರು. ಕೈಯಲ್ಲಿ ಹೋಮದ ಸಾಮಾನಿನ ಚೀಲವಿತ್ತು. ಅವರು ರಸ್ತೆಯ ಮಧ್ಯಕ್ಕೆ ಹೋಗಿ ನಿಂತು ಓದಿದರು. ನಾನೂ ಆಗ ಕತ್ತು ಹೊರಳಿಸಿ, ಕೆಳಗಿನಿಂದ ಓರೆಯಾಗಿ, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಗ ಇತ್ತು, ಅದಕ್ಕೆ ಕೊಂಬಿರಲಿಲ್ಲ. ಅದರ ಪಕ್ಕ ವು ಇರಲಿಲ್ಲ. ನೇರವಾಗಿ ದು.

ಮಾಲೀಕರು ಕಿರುಚಲಿಲ್ಲ. "ನಾಳೆ ಹೋಮ ಇಟ್ಕೊಂಡಿದೀನಿ" ಅಂದರು. "ಮೊದಲ್ನೇ ದಿನ, ಮೊದಲ್ನೇ ಗೋಡೆ, ಆಗದು ಅಂತ ಬರೆದಿದಾನಲ್ರೀ."

"ಸಾರ್, ಕೈ ನಡುಗ್ತಿದೆ ಅವ್ನಿಗೆ. ಏನೂ ತಗೋಬಾರ್ದು ಅಂದಿದ್ದು ನೀವೇ ಅಲ್ವಾ. ಅದಕ್ಕೇ ಆಗಿದ್ದು."

"ಕೈ ನಡುಗಿದ್ರೆ ಅಕ್ಷರ ಸೊಟ್ಟ ಆಗುತ್ತೆ. ಮಾತೇ ಬದ್ಲಾಗುತ್ತಾ? ಮನಸ್ಸಲ್ಲಿ ಇರೋದು ತಾನೇ ಗೋಡೆ ಮೇಲ್ ಬರೋದು?"

ಅವನು ಏಣಿಯಿಂದ ಇಳಿದ. ಇಳಿದು, ರಸ್ತೆ ದಾಟಿ, ಆಂಟಿಯ ಮೆಟ್ಟಿಲ ಪಕ್ಕ ನಿಂತು, ತಾನು ಬರೆದದ್ದನ್ನು ಮೊದಲ ಸಲ ಇಡಿಯಾಗಿ ಓದಿದ. ಬಹಳ ಹೊತ್ತು ಓದಿದ. ಆಮೇಲೆ ಮಾಲೀಕರ ಹತ್ತಿರ ಬಂದು, "ಸರ್, ಸರಿ ಮಾಡ್ತೀನ್ರಿ. ಈಗ ಸರಿ ಮಾಡ್ತೀನಿ" ಅಂದ. ಮೂಗು ಸೋರುತ್ತಿತ್ತು, ತೋಳಿನಲ್ಲಿ ಒರೆಸಿಕೊಂಡ.

"ಸರಿ ಮಾಡಿ ಹೋಗಪ್ಪ. ಬೆಡ್ ವಿಷ್ಯ ಈಗ ಬೇಡ. ಸಂಕ್ರಾಂತಿ ಆದ್ಮೇಲೆ ಮುಂದಿನ್ ಬ್ಯಾಚಲ್ಲಿ ನೋಡೋಣ."

"ಸಂಕ್ರಾಂತಿ ತನಕ..." ಅಂದ ಅವನು.

ಆಂಟಿ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದರು. "ನಾನ್ ಸುಮ್ನೆ ಓದ್ದೆ ಕಣ್ರೀ, ಪಾಪ, ಹುಡುಗನ್ ಮೇಲೆ ಸಿಟ್ಟು ಮಾಡ್ಕೋಬೇಡಿ" ಅಂದರು. ಮಾಲೀಕರು ಚೀಲ ಎತ್ತಿಕೊಂಡು ಒಳಗೆ ಹೋದರು.

ಅವನು ಮತ್ತೆ ಏಣಿ ಹತ್ತಿದ. ನಾನು ಬೇಡ ಅಂದೆ. ಅವನು ಸಣ್ಣ ಬ್ರಷ್ ಕೇಳಿದ. ಗಕಾರಕ್ಕೆ ಒಂದು ಕೊಂಬು ಎಳೆದ. ಆಮೇಲೆ ಗುವಿಗೂ ದುವಿಗೂ ನಡುವೆ ಇದ್ದ ಬೆರಳಗಲದ ಸಂದಿಯಲ್ಲಿ, ಉಸಿರು ಹಿಡಿದು, ಒಂದು ತೆಳ್ಳನೆಯ ವು ಬರೆದ. ಅದು ಎರಡು ದಪ್ಪ ಮನುಷ್ಯರ ನಡುವೆ ಬಸ್ಸಿನ ಸೀಟಿನಲ್ಲಿ ಸಿಕ್ಕಿಕೊಂಡವನ ಹಾಗೆ ಕಾಣುತ್ತಿತ್ತು. ಆದರೆ ಓದಲು ಬರುತ್ತಿತ್ತು. ಬಿಡಿಸಲಾಗುವುದು.

ಬಸ್ ಸ್ಟಾಪಿನಲ್ಲಿ ನಾನು ಕೇಳಿದೆ. ಬೇಕಂತ ಬರೆದೆಯಾ ಅಂತ ಕೇಳಲಿಲ್ಲ. "ಹೆಂಗಾಯ್ತೋ ಅದು?" ಅಂತ ಮಾತ್ರ ಕೇಳಿದೆ.

"ಜಾಗ ಇರ್ಲಿಲ್ಲಣ್ಣ" ಅಂದ.

ಸಂಕ್ರಾಂತಿಗೆ ಕಾಯಲಿಲ್ಲ. ಅವನು ಊರಿಗೆ ಹೊರಟ ದಿನ ಬ್ರಷ್ಷುಗಳನ್ನು ನನ್ನ ಕೈಗೆ ಕೊಟ್ಟು, "ಒಣಗಾಕ ಬಿಡಬ್ಯಾಡ್ರಿ" ಅಂದ. ಆಮೇಲೆ ಎಷ್ಟೋ ಕಾಲ ಅವನ ಫೋನು ಸ್ವಿಚ್ ಆಫ್ ಬಂತು. ನಾನು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೊಬ್ಬರಿಎಣ್ಣೆ ಸವರಿ ಇಡುತ್ತಾ ಬಂದಿದ್ದೇನೆ. ಅವುಗಳಲ್ಲಿ ನಾನು ಬರೆಯುವುದಿಲ್ಲ. ಬೆಳಿಗ್ಗೆ ಶಟರಿನ ಮುಂದೆ ಒಬ್ಬನೇ ಕೂತು ಕೊಂಬು ಎಳೆಯುವಾಗ, ಇನ್ನೇನು ಪಕ್ಕದಲ್ಲಿ ಬೈಕ್ ನಿಂತೀತು, ಟೊಪಗಿ ಇಟ್ಟಂಗ ಆಗೇತಿ ಅಂತ ಯಾರಾದರೂ ಅಂದಾರು ಅಂತ ಕಿವಿ ಕೊಟ್ಟಿರುತ್ತೇನೆ.

ಆ ಕೇಂದ್ರ ಬಹಳ ದಿನ ನಡೆಯಲಿಲ್ಲ. ಈಗ ಹಸಿರು ಗೇಟಿಗೆ ಬೀಗ, ಅದರ ಮೇಲೆ 'ಬಾಡಿಗೆಗೆ ಇದೆ' ಅನ್ನುವ ಹಲಗೆ. ಗೋಡೆಯ ಅಕ್ಷರಗಳನ್ನು ಯಾರೂ ಅಳಿಸಿಲ್ಲ. ಅವುಗಳನ್ನು ಓದಿಕೊಂಡು ಜನ ಈಗಲೂ ಬರುತ್ತಾರಂತೆ. ಹಿಂದಿನ ತಿಂಗಳು ನಾನು ಗೋಡೆ ನೋಡಲು ಹೋದಾಗ ಆಂಟಿ ಮೆಟ್ಟಿಲಿಳಿದು ಬಂದು ಹೇಳಿದರು. "ಬ್ಯಾಗ್ ಹಿಡ್ಕೊಂಡು ಬರ್ತಾರ್ರೀ. ಒಂದ್ಸಲ ತಾಯಿ ಮಗ ಬಂದು ಗೇಟ್ ಬಡೀತಾ ನಿಂತಿದ್ರು. ಇಲ್ಲಿಲ್ಲ ಕಣಮ್ಮ ಅಂತೀನಿ. ಮತ್ತೆಲ್ಲಿ ಅಂತ ಕೇಳ್ತಾರೆ. ನಾನೆಲ್ಲಿಗೆ ಹೋಗಿ ಅನ್ಲಿ?"

ಆಸ್ಪತ್ರೆಯ ದಾರಿ ಹೇಳಿಕೊಟ್ಟೆ. "ಬೆಳಿಗ್ಗೇನೇ ಹೋಗ್ಬೇಕು ಅಂತ ಹೇಳಿ" ಅಂದೆ.

"ಬೆಳಿಗ್ಗೆ ಕೆಲ್ಸಕ್ಕೆ ಹೋಗೋರು?"



ಆ ಬೆಳಿಗ್ಗೆ ಅಲ್ಲಿ ನಡೆದದ್ದನ್ನು ನೋಡಿದವರು ನನ್ನನ್ನು ಬಿಟ್ಟು ಮೂವರು. ಎದುರು ಮನೆಯ ಆಂಟಿ. ಅವರು ಇದ್ದಾರೆ, ಅವರೆಕಾಯಿ ಕಾಲದಲ್ಲಿ ಅದೇ ಮೆಟ್ಟಿಲ ಮೇಲೆ ಸಿಗುತ್ತಾರೆ. ಮಾಲೀಕರು, ಅವರು ಮನೆ ಖಾಲಿ ಮಾಡಿದ ಮಾರನೆಯ ಮಳೆಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರೆಂದು ಆಂಟಿಯೇ ಹೇಳಿದರು. ಮೂರನೆಯವನು ಅವನು. ರಸ್ತೆ ದಾಟಿ ನಿಂತು ಇಡೀ ಸಾಲನ್ನು ಓದಿದವನು. ಅವನು ಬದುಕಿದ್ದಾನೆ. ಹೋದ ವಾರ ಅಕ್ಕನ ಫೋನಿನಿಂದ ಮಾಡಿದ್ದ. ಕೈ ನಡುಗದೆ ನಿಂತ ದಿನ ಟ್ರ್ಯಾಕ್ಟರಿಗೆ ಬರೆಯುತ್ತಾನಂತೆ. ಹಳೆಯ ನೋವಿನ ಮಾತ್ರೆ ಅಲ್ಲಿಯೂ ಸಿಗುತ್ತದಂತೆ, ನಾಲಿಗೆಯ ಕೆಳಗಿನದು ಸಿಗುವುದಿಲ್ಲವಂತೆ. ಬ್ರಷ್ ಹೇಗಿವೆ ಅಂತ ಕೇಳಿದ, ಮೆತ್ತಗಿವೆ ಅಂದೆ. ಆಮೇಲೆ, ಫೋನ್ ಮಾಡಿದಾಗಲೆಲ್ಲ ಕೇಳುವುದನ್ನೇ ಕೇಳಿದ.

"ಅಣ್ಣ, ಸಂಜೀಕ ಕೊಡಾಕ ಶುರು ಮಾಡ್ಯಾರೇನ್ರಿ?"